ನೀಲವ್ವ ತೀರಿಕೊಂಡ ರವಿವಾರ

ಶಿಗ್ಗಾಂವಿಯ ಖಾನಾವಳಿ ನೀಲವ್ವ ತೀರಿಕೊಂಡ ಸುದ್ದಿ ಪುಣೆಗೆ ಮುಟ್ಟಿತ್ತು, ದುಬೈಗೆ ಮುಟ್ಟಿತ್ತು, ಹುಬ್ಬಳ್ಳಿಗಂತೂ ಎರಡೆರಡು ಸಲ ಮುಟ್ಟಿತ್ತು. ಮುಟ್ಟದೆ ಉಳಿದದ್ದು ನೀಲವ್ವ ಒಬ್ಬಳಿಗೇ. ಆಕೆ ರವಿವಾರ ಮುಂಜಾನೆ ಎಂದಿನಂತೆ ಎದ್ದು, ಒಲೆ ಸಾರಿಸಿ, ಜೋಳದ ಹಿಟ್ಟು ಸೋಸುತ್ತ ಕೂತಿದ್ದಳು.

ಸುದ್ದಿ ಹಬ್ಬಿಸಿದವಳು ತಸ್ಲೀಮಾ. ಹಬ್ಬಿಸಬೇಕೆಂದು ಹಬ್ಬಿಸಿದ್ದಲ್ಲ, ಪಾಪ. ಸವಣೂರಿನಿಂದ ದಿನಾ ಬಸ್ಸು ಹಿಡಿದು ಶಿಗ್ಗಾಂವಿಯ ಕಾಲೇಜಿಗೆ ಬಂದು ಆಫೀಸಿನ ಕಂಪ್ಯೂಟರ್ ಮುಂದೆ ಕೂರುವ ಹುಡುಗಿ ಅವಳು. ಅದೇ ಕಾಲೇಜಿನಲ್ಲಿ ಓದಿದವಳು, ಓದುವಾಗ ಮಧ್ಯಾಹ್ನದ ಊಟವನ್ನು ನೀಲವ್ವನ ಕೈಯಲ್ಲೇ ಉಂಡವಳು. ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಜಾಲತಾಣದಲ್ಲಿ ಪುಟವಿದೆ. ನೌಕರಿ ಇದ್ದವರು, ನೌಕರಿ ಹುಡುಕುವವರು, ನೌಕರಿ ಕೊಡಿಸುತ್ತೇವೆಂದು ಆಸೆ ಹಚ್ಚುವವರು ಎಲ್ಲರೂ ಕೋಟು ತೊಟ್ಟ ಫೋಟೋ ಹಾಕಿಕೊಂಡು ಕೂತಿರುವ ಜಾಲತಾಣ ಅದು. ಆ ಪುಟ ನೋಡಿಕೊಳ್ಳುವ ಕೆಲಸ ಸಂಬಳವಿಲ್ಲದೆ ತಸ್ಲೀಮಾಳ ಕೊರಳಿಗೆ ಬಿದ್ದಿತ್ತು.

ಶನಿವಾರ ಮಧ್ಯಾಹ್ನ ಸಂಘದವರು ನೀಲವ್ವನಿಗೆ ಸತ್ಕಾರ ಮಾಡಿದರು. ಊರೂರಿನಿಂದ ಓದಲು ಬಂದ ಮಕ್ಕಳಿಗೆ ಇಷ್ಟು ವರ್ಷ ರೊಟ್ಟಿ ಪಲ್ಲೆ ಹಾಕಿದ ತಾಯಿ ಎಂದು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಚೆಂಡುಹೂವಿನ ದಪ್ಪನೆಯ ಹಾರ ಹಾಕಿದರು. ಮುಂದೆ ಎತ್ತರದ ದೀಪ ಹಚ್ಚಿಟ್ಟಿದ್ದರು. ಯಾರೋ ಪುಣ್ಯಾತ್ಮರು ಧೂಪದ ತಟ್ಟೆಯನ್ನು ಆಕೆಯ ಮೂಗಿನ ಕೆಳಗೇ ಇಟ್ಟರು. ಹೊಗೆ ಹೊಕ್ಕು ನೀಲವ್ವ ಕಣ್ಣು ಮುಚ್ಚಿದಳು. ಅದೇ ಹೊತ್ತಿಗೆ ತಸ್ಲೀಮಾ ಫೋಟೋ ಹೊಡೆದಳು.

ಬೇರೆ ಫೋಟೋಗಳಿರಲಿಲ್ಲವೇ ಎಂದರೆ ಬೇಕಾದಷ್ಟು ಇದ್ದವು. ಆದರೆ ಅವುಗಳಲ್ಲೆಲ್ಲ ನೀಲವ್ವನಿಗಿಂತ ಸಂಘದವರ ಬೆನ್ನುಗಳೇ ಹೆಚ್ಚು. ಫೋಟೋ ಎಂದೊಡನೆ ವೇದಿಕೆ ಹತ್ತಿ ಸತ್ಕಾರ ಮಾಡಿಸಿಕೊಳ್ಳುವವರನ್ನೇ ಮರೆಮಾಡಿ ನಿಲ್ಲುವುದು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಇದೊಂದರಲ್ಲಿ ನೀಲವ್ವ ಪೂರ್ತಿ ಕಾಣುತ್ತಿದ್ದಳು, ಪಕ್ಕದಲ್ಲಿ ಸಂಘದ ಕಾರ್ಯದರ್ಶಿ ಗುತ್ತೆಪ್ಪ ಮಾಸ್ತರರು ಭಾಷಣದ ನಡುವೆ ಬಾಯಿ ತೆರೆದು ನಿಂತಿದ್ದರು. ಸಂಜೆ ಬಸ್ಸಿನಲ್ಲಿ ಕೂತ ತಸ್ಲೀಮಾ ಮಾಸ್ತರರನ್ನು ಕತ್ತರಿಸಿದಳು. ನೀಲವ್ವನ ಎದೆಯ ಮೇಲಿನ ಭಾಗವಷ್ಟೇ ಉಳಿಸಿದಳು. ಸುತ್ತ ಒಂದು ಕಪ್ಪು ಪಟ್ಟಿ ಹಚ್ಚಿದಳು, ಗಂಭೀರವಾಗಿ ಕಾಣಲಿ ಎಂದು. ಬಸ್ಸು ಕುಲುಕುತ್ತಿತ್ತು, ಬಿಸಿಲು ಪರದೆಯ ಮೇಲೆ ಬಿದ್ದಿತ್ತು. ಕೆಳಗೆ ಸತ್ಕಾರದ ವಿವರವನ್ನು ಒಪ್ಪವಾದ ಇಂಗ್ಲಿಷಿನಲ್ಲಿ ಬರೆದು ಹಾಕಿಬಿಟ್ಟಳು.

ಹಣೆಗೆ ವಿಭೂತಿ, ಮುಚ್ಚಿದ ಕಣ್ಣು, ಕೊರಳಲ್ಲಿ ಹಾರ, ಮುಂದೆ ದೀಪ, ಸುತ್ತ ಕಪ್ಪು ಪಟ್ಟಿ. ಇಂಥ ಫೋಟೋ ಎಲ್ಲಿರುತ್ತದೆಂದು ನಮ್ಮ ಕಡೆಯ ಯಾವ ಕೂಸನ್ನು ಕೇಳಿದರೂ ಗೋಡೆಯ ಮೇಲೆ ಎಂದೇ ಹೇಳುತ್ತದೆ. ಕೆಳಗಿನ ಇಂಗ್ಲಿಷನ್ನು ಓದುವವರು ಯಾರು? ಪುಣೆಯ ಒಬ್ಬ "ಓಂ ಶಾಂತಿ" ಎಂದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಕುರಿಹಿಂಡು ಹಳ್ಳ ಇಳಿದಂತೆ ಎಲ್ಲರೂ ಇಳಿದರು.

ಮುಂಜಾನೆ ತಸ್ಲೀಮಾಳನ್ನು ಎಬ್ಬಿಸಿದ್ದು ಗುತ್ತೆಪ್ಪ ಮಾಸ್ತರರ ಫೋನು.

"ತಸ್ಲೀಮಾ, ನೀಲವ್ವ ಯಾವಾಗ ಹೋದ್ಲವಾ? ನಿನ್ನೆ ಮಧ್ಯಾಹ್ನ ನಾನ ಹಾರ ಹಾಕಿದ್ನಲ್ಲ!"

"ಎಲ್ಲಿಗೆ ಹೋದ್ರು ಸರ?"

"ನೀನ ಫೋಟೋ ಹಾಕೀಯಲ್ಲ. ನಾನೂ ರಾತ್ರಿ ಓಂ ಶಾಂತಿ ಬರದು ಮಲಗೇನಿ."

ತಸ್ಲೀಮಾ ಫೋಟೋ ತೆರೆದು ನೋಡಿದಳು. ತಪ್ಪು ಎಲ್ಲಾಯಿತೆಂದು ಮಾಸ್ತರರಿಗೆ ಬಿಡಿಸಿ ಹೇಳಿದಳು. ಖರೇನ ಇದ್ದಾಳೇನು ಎಂದು ಮಾಸ್ತರರು ಎರಡೆರಡು ಸಲ ಕೇಳಿದರು. ಅವರ ಬುದ್ಧಿಗೇನೂ ಕೊರತೆಯಿಲ್ಲ. ಆದರೆ ಅಷ್ಟೊಂದು ಮಂದಿ ಸತ್ತಳೆಂದ ಮೇಲೆ ತನ್ನ ಕೈಯಿಂದಲೇ ಹಾಕಿದ ಹಾರದ ಮೇಲೂ ಅನುಮಾನ ಬರುತ್ತದೆ. ಇದು ಮಾಸ್ತರರೊಬ್ಬರ ರೋಗವಲ್ಲ.

"ಮೊದಲ ಆ ಫೋಟೋ ಬದ್ಲಿ ಮಾಡು," ಎಂದರು ಕೊನೆಗೆ.

"ಬದ್ಲಿ ಮಾಡಾಕ ಬರಂಗಿಲ್ರಿ ಸರ. ಬರದದ್ದು ತಿದ್ದಬಹುದು, ಒಮ್ಮೆ ಹಾಕಿದ ಫೋಟೋ ಮಾತ್ರ ಹಂಗ ಉಳೀತೈತಿ. ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು."

"ಹಂಗಾರ ಅಳಸು. ಮಧ್ಯಾಹ್ನದೊಳಗ ಒಂದೂ ಉಳೀಬಾರ್ದು. ಸಂಘದ ಮರ್ಯಾದಿ ಪ್ರಶ್ನೆ."

ಸಂಘದ ಮರ್ಯಾದೆಗಿಂತ ಅವರ ಒಂದು ಓಂ ಶಾಂತಿಯ ಚಿಂತೆಯೇ ದೊಡ್ಡದಾಗಿತ್ತೆಂದು ತಸ್ಲೀಮಾಳಿಗೆ ತಿಳಿಯದೆ ಇರಲಿಲ್ಲ. ಅಳಿಸುವ ಗುಂಡಿಯ ಮೇಲೆ ಬೆರಳು ಇಟ್ಟಳು. ಇಟ್ಟವಳು, ಅಳಿಸುವ ಮುಂಚೆ ಒಮ್ಮೆ ನೋಡೋಣವೆಂದು ಕೆಳಗಿನ ಮಾತುಗಳನ್ನು ಓದತೊಡಗಿದಳು. ಓದುತ್ತ ಓದುತ್ತ ಹಾಸಿಗೆಯ ಮೇಲೆ ಎದ್ದು ಕೂತಳು. ಫೋಟೋ ಅಳಿಸಿದರೆ ಇವೂ ಅಳಿಸಿಹೋಗುತ್ತವೆ. ಇಷ್ಟು ಮಂದಿ ಇಷ್ಟು ಪ್ರೀತಿಯಿಂದ ಬರೆದದ್ದನ್ನು, ಯಾರ ಸಲುವಾಗಿ ಬರೆದರೋ ಆಕೆಗೆ ತೋರಿಸದೆಯೇ ಅಳಿಸುವುದು ಅವಳಿಂದಾಗಲಿಲ್ಲ. ಮೊದಲು ನೀಲವ್ವನಿಗೆ ಓದಿ ತೋರಿಸಿ, ತಪ್ಪಾಯಿತೆಂದು ಕೈಮುಗಿದು, ಆಮೇಲೆ ಅಳಿಸಿದರಾಯಿತು ಎಂದುಕೊಂಡಳು. ಯಾರಾದರೂ ಹಾರ ಹಿಡಿದುಕೊಂಡು ಖಾನಾವಳಿಗೆ ಬರುವ ಮುಂಚೆ ತಾನು ಅಲ್ಲಿರಬೇಕು ಎಂಬ ಗಾಬರಿಯೂ ಇತ್ತು.

ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಮೇಲಿನ ಬರಹಕ್ಕೆ ಒಂದು ಸಾಲು ಸೇರಿಸಿದಳು: "ನೀಲವ್ವ ಆರೋಗ್ಯದಿಂದಿದ್ದಾರೆ." ಬಸ್ಸು ಶಿಗ್ಗಾಂವಿ ಮುಟ್ಟುವಷ್ಟರಲ್ಲಿ ಆ ಸಾಲಿನ ಕೆಳಗೇ ಇನ್ನಷ್ಟು ಮಂದಿ ನೀಲವ್ವನ ಆತ್ಮಕ್ಕೆ ಶಾಂತಿ ಕೋರಿದ್ದರು.

ಖಾನಾವಳಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಅನ್ನ, ಸಾರು, ಪಲ್ಲೆಗೆ ಗ್ಯಾಸಿನ ಒಲೆ ಬಂದು ಕಾಲವಾಯಿತು. ರೊಟ್ಟಿಗೆ ಮಾತ್ರ ಇಂದಿಗೂ ಕಟ್ಟಿಗೆಯ ಒಲೆ. ರೊಟ್ಟಿ ಮಾಡುವ ಹೆಂಗಸಿಗೆ ರವಿವಾರ ಸೂಟಿ, ಅಂದು ನೀಲವ್ವ ತಾನೇ ಕೂರುತ್ತಾಳೆ.

"ಯಾಕ ಬೇ, ರವಿವಾರನೂ ಕಾಲೇಜ ತಗದೈತೇನ?" ಎಂದಳು ನೀಲವ್ವ, ಜರಡಿ ಬದಿಗಿಟ್ಟು.

ತಸ್ಲೀಮಾ ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ನೀಲವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಇಸಿದುಕೊಂಡಳು. ಹತ್ತಿರ ಹಿಡಿದಳು, ದೂರ ಹಿಡಿದಳು.

"ಅಯ್ಯ ನನ ಶಿವನ! ನಾ ಖರೇನ ಸತ್ತೇನಲ್ಲ ಬೇ!" ಎಂದವಳೇ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಇಷ್ಟು ಚಂದ ಸತ್ತೇನಿ ಅಂದ್ರ ಇನ್ನ ಖರೇ ಸಾಯಾಕ ಚಿಂತಿಲ್ಲ ಬಿಡು. ಅಳಬ್ಯಾಡ, ಹುಚ್ಚಿ. ಸತ್ತಾಕಿ ನಾನು, ನೀ ಯಾಕ ಅಳ್ತಿ?"

"ನಿಮ್ಮ ಬಗ್ಗೆ ಏನೇನ ಬರದಾರ ಕೇಳ್ರಿ ನೀಲವ್ವಾರ. ಆಮ್ಯಾಲೆ ಅಳಸ್ತೇನಿ."

ತಸ್ಲೀಮಾ ಓದಿದಳು. ಹಂಸಭಾವಿಯ ವಾಣಿಶ್ರೀ ಈಗ ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಮನೆ ಬಿಟ್ಟು ಬಂದ ಮೊದಲ ದಿನ ತಾಟಿನ ಮುಂದೆ ಅಳುತ್ತ ಕೂತಿದ್ದಾಗ ನೀಲವ್ವ ಬೆನ್ನ ಮೇಲೆ ಕೈಯಿಟ್ಟು "ಅಳೂದಿದ್ರ ಉಂಡು ಅಳು, ಅಳಾಕೂ ಶಕ್ತಿ ಬೇಕು" ಅಂದಿದ್ದಳಂತೆ. ಆಮೇಲೆ ಎಷ್ಟು ಕಷ್ಟ ಬಂದರೂ ಉಂಡೇ ಅತ್ತೆ ಎಂದು ಬರೆದಿದ್ದಳು. ರಟ್ಟೀಹಳ್ಳಿಯ ಪರಮೇಶ, ಜ್ವರ ಬಂದು ಮಲಗಿದಾಗ ಈಕೆ ಹರಿದ ಚಪ್ಪಲಿಯಲ್ಲಿ ಗಂಜಿ ಹೊತ್ತುಕೊಂಡು ಕೋಣೆಯತನಕ ಬಂದದ್ದನ್ನು ನೆನೆದಿದ್ದ. ಬ್ಯಾಂಕಿನವನೊಬ್ಬ, ಪರೀಕ್ಷೆಯ ದಿನ ನಿದ್ದೆ ಬರುತ್ತದೆಂದು ಮಜ್ಜಿಗೆಯನ್ನೇ ಹಾಕುತ್ತಿರಲಿಲ್ಲ ಎಂದು ಬರೆದಿದ್ದ.

"ಅಂವಗ ಮಜ್ಜಿಗಿ ಹಾಕಿಲ್ಲೇನ ನಾ? ಬಾಗಿಲ ಹಿಂದ ನಿಂತು ಕದ್ದು ಕುಡೀತಿದ್ದ, ಸುಳ್ಳ!" ಎಂದಳು ನೀಲವ್ವ. ಪರಮೇಶನ ಮಾತಿಗೆ ಮಾತ್ರ, "ಚಪ್ಲಿ ನೋಡ್ಯಾನ? ಆ ಜ್ವರದಾಗ?" ಎಂದಳು. ಆಮೇಲೆ ನಗಲಿಲ್ಲ. ಮಂಡಿಯ ಮೇಲೆ ಗಲ್ಲವೂರಿ ಕೇಳುತ್ತ ಕೂತಳು. ಸತ್ತ ಮೇಲೆ ಮಂದಿ ಆಡುವ ಮಾತನ್ನು ಇದ್ದಾಗಲೇ ಕಿವಿಯಾರೆ ಕೇಳುವ ಭಾಗ್ಯ ಎಷ್ಟು ಜನಕ್ಕಿರುತ್ತದೆ? ಆಕೆಯ ಮುಖ ನೋಡಿದ ತಸ್ಲೀಮಾಳಿಗೆ, ತಪ್ಪಾದದ್ದೇ ಒಳ್ಳೆಯದಾಯಿತೇನೋ ಎಂದು ಮೊದಲ ಸಲ ಅನ್ನಿಸಿತು.

ಅಷ್ಟರಲ್ಲಿ ಒಂದು ಹೊಸ ಮಾತು ಬಂದು ಸೇರಿತು. ತಸ್ಲೀಮಾ ಅದನ್ನೂ ಅದೇ ಓಟದಲ್ಲಿ ಓದಿದಳು: "ನೀಲಕ್ಕಾರ ಒಲಿ ಮುಂದ ಆಡಿ ಬೆಳದವ ನಾನು. ಅಮ್ಮಿ ರಾತ್ರಿ ಒಂದ ತುತ್ತು ಉಂಡಿಲ್ಲ. ಮುಂಜಾನೆ ಎದ್ದು ಫೋಟೋ ಇನ್ನೊಮ್ಮೆ ತೋರ್ಸು, ದೊಡ್ಡದ ಮಾಡಿ ತೋರ್ಸು ಅಂದ್ಳು. ನೋಡಿ ಏನೂ ಅನ್ನಲಿಲ್ಲ, ಎದ್ದು ಹಿಟ್ಟು ನಾದಾಕ ಕುಂತ್ಳು. ಈಗ ರೊಟ್ಟಿ ಬುಟ್ಟಿ ಹೊತಗೊಂಡು ಹಾನಗಲ್ಲ ಬಸ್ ಹತ್ಯಾಳ. ಮಣ್ಣು ಎಷ್ಟೊತ್ತಿಗೆ ಅಂತ ಯಾರರ ತಿಳಸ್ರಿ. ತೌಹೀದ."

ನೀಲವ್ವ ಗಲ್ಲದ ಮೇಲಿನ ಕೈ ತೆಗೆದಳು.

"ಇನ್ನೊಮ್ಮಿ ಓದು."

ತಸ್ಲೀಮಾ ಇನ್ನೊಮ್ಮೆ ಓದಿದಳು.

"ರೋಶನಬಿ ಬರಾಕತ್ತಾಳ," ಎಂದಳು ನೀಲವ್ವ. ಯಾರಿಗೂ ಹೇಳಿದಂತಿರಲಿಲ್ಲ.

ರೋಶನಬಿಯ ಹೆಸರನ್ನು ತಸ್ಲೀಮಾ ಕೇಳಿದ್ದಳು, ಮುಖ ನೋಡಿರಲಿಲ್ಲ. ಹಳೆಯ ವಿದ್ಯಾರ್ಥಿಗಳು ಈ ಖಾನಾವಳಿಯ ಹೆಸರು ತೆಗೆದರೆ ಎರಡು ಹೆಸರು ತೆಗೆಯುತ್ತಾರೆ. ಗಂಡ ತೀರಿಕೊಂಡ ಮೇಲೆ ಎಳೆಗೂಸು ತೌಹೀದನನ್ನು ಸೊಂಟದ ಮೇಲೆ ಹೊತ್ತು ಕೆಲಸ ಕೇಳಿಕೊಂಡು ಬಂದವಳು ರೋಶನಬಿ. ಒಲೆಯ ಆ ಕಡೆ ಕೂತು ಅವಳು ರೊಟ್ಟಿ ಬಡಿಯುವುದು, ಈ ಕಡೆ ಕೂತು ನೀಲವ್ವ ಬೇಯಿಸುವುದು. ಅವಳ ರೊಟ್ಟಿ ಬೇಡವೆಂದು ಎದ್ದ ಒಬ್ಬಿಬ್ಬರಿಗೆ ನೀಲವ್ವ "ರೊಟ್ಟಿಗೆ ಜಾತಿ ಕೇಳಾವಗ ಇನ್ನೂ ಹಸಿವಿ ಆಗಿಲ್ಲ, ಆದಮ್ಯಾಲೆ ಬಾ" ಎಂದು ಬಾಗಿಲು ತೋರಿಸಿದ್ದಳು. ಹಸಿವೆಯಾದ ಮೇಲೆ ಅವರೂ ಬಂದರು. ಹೀಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇಬ್ಬರೂ ಒಂದೇ ಹೊಗೆ ಕುಡಿದರು.

ಕೆಟ್ಟದ್ದು ಒಂದು ಮದುವೆಯಿಂದ. ಸೊಸೆಯ ಬಾಣಂತನಕ್ಕೆಂದು ರೋಶನಬಿ ಹಾನಗಲ್ಲಿಗೆ, ಮಗ ತೌಹೀದನ ಮನೆಗೆ ಹೋಗಿದ್ದಳು. ಅದೇ ಹೊತ್ತಿಗೆ ನೀಲವ್ವನ ಮಗಳು ಸಮತಾಳ ಮದುವೆ ಗಡಿಬಿಡಿಯಲ್ಲಿ ಗೊತ್ತಾಯಿತು. ಖಾನಾವಳಿ ಒಂದು ಕಡೆ, ಮದುವೆ ಒಂದು ಕಡೆ, ಕೈಗೆ ಕೈಯಾಗಿದ್ದವಳು ಊರಲ್ಲಿಲ್ಲ. ನೀಲವ್ವ ಲಗ್ನಪತ್ರಿಕೆಯನ್ನು ಹಾನಗಲ್ಲ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದಳು. ಕಂಡಕ್ಟರ್ ಪ್ರಾಮಾಣಿಕ, ಮನೆ ಹುಡುಕಿಕೊಂಡು ಹೋಗಿ ಮುಟ್ಟಿಸಿದ. ಅದೇ ತಪ್ಪಾಯಿತು.

ಮದುವೆಗೆ ಮನೆಗೆ ಬಂದು ಕರೆಯಬೇಕು, ಕೈಹಿಡಿದು ಬಾ ಅನ್ನಬೇಕು. ವೀಳ್ಯದೆಲೆಯ ಪೆಂಡಿ ಕಳಿಸಿದ ಹಾಗೆ ಬಸ್ಸಿನಲ್ಲಿ ಕರೆ ಕಳಿಸಿದರೆ ಯಾರು ಹೋಗುತ್ತಾರೆ ಎಂದು ರೋಶನಬಿ ಬರಲಿಲ್ಲ. ಮನೆಯವಳಿಗೆ ಕರೆ ಯಾತಕ್ಕೆ, ಕೇಳಿದ ಕೂಡಲೇ ಓಡಿಬಂದು ಒಲೆಯ ಮುಂದೆ ಕೂರಬೇಕಿತ್ತು ಎಂದು ನೀಲವ್ವ ಮುನಿದಳು. ಇಬ್ಬರದೂ ಖರೆ. ಎರಡೂ ಕಡೆ ಖರೆಯಿದ್ದಾಗಲೇ ಜಗಳ ಗಟ್ಟಿಯಾಗುವುದು. ರೋಶನಬಿ ಹಾನಗಲ್ಲಿನಲ್ಲೇ ಉಳಿದಳು. ಸಮತಾಳ ಮಕ್ಕಳು ಸಾಲಿಗೆ ಹೋಗತೊಡಗಿದವು. ಈ ಒಲೆಯ ಆ ಕಡೆ ಎಷ್ಟೋ ಹೆಂಗಸರು ಕೂತು ಹೋದರು. ಯಾರ ರೊಟ್ಟಿಯೂ ನೀಲವ್ವನ ಮನಸ್ಸಿಗೆ ಬರಲಿಲ್ಲ.

"ತೌಹೀದ ಅವರಿಗೆ ಈಗ ಫೋನ್ ಮಾಡಿ ಹೇಳ್ತೇನಿ," ಎಂದು ತಸ್ಲೀಮಾ ಎದ್ದಳು. "ಪಾಪ, ದಾರಿ ತುಂಬಾ ಅಳಾಕತ್ತಿರ್ತಾರ."

ನೀಲವ್ವ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಹೇಳಬ್ಯಾಡ. ನಾ ಜೀವಂತ ಅದೇನಿ ಅಂತ ಗೊತ್ತಾದ್ರ ಬಂಕಾಪುರದಾಗ ಇಳದು ಹೊಳ್ಳಿ ಹೋಗ್ತಾಳ. ಅಕಿ ಹಟಾ ನಿನಗ ಗೊತ್ತಿಲ್ಲ. ಮದುವಿಗೆ ಕರದ್ರ ಹೋಗಬೇಕು, ಸಾವಿಗೆ ಕೇಳಿದ್ರ ಹೋಗಬೇಕು. ಸತ್ತ ಮನಿಗಷ್ಟ ಯಾರೂ ಕರೆ ಕಾಯಂಗಿಲ್ಲ. ಅದಕ್ಕ ಬರಾಕತ್ತಾಳ. ಅಕಿ ಬರೂತನಕ ನಾ ಸತ್ತಿರ್ಲಿ ಬಿಡವಾ."

"ಮ್ಯಾಲೆ ಆರೋಗ್ಯದಿಂದ ಅದಾರ ಅಂತ ಒಂದು ಸಾಲು ಬರದೇನ್ರಿ."

"ಅದನ್ನ ತಗಿ."

ಮಧ್ಯಾಹ್ನದೊಳಗೆ ಎಲ್ಲ ಅಳಿಸಬೇಕೆಂದು ಮಾಸ್ತರರ ತಾಕೀತು, ಅಳಿಸಬಾರದೆಂದು ಸತ್ತವಳ ತಾಕೀತು. ಬದುಕಿದವಳನ್ನು ಬದುಕಿದ್ದಾಳೆ ಎಂದು ಬರೆದದ್ದು ಈ ಇಡೀ ಗೊಂದಲದಲ್ಲಿ ತಾನು ಮಾಡಿದ ಒಂದೇ ಸರಿಯಾದ ಕೆಲಸ, ಅದನ್ನೂ ಅಳಿಸು ಎಂದರೆ ಹೇಗೆ? ತಸ್ಲೀಮಾ ನೀಲವ್ವನ ಮುಖ ನೋಡಿದಳು. ಸದಾ ಗದರಿಸಿ ಬಡಿಸುವ, ಯಾರ ಮುಂದೂ ತಲೆ ಬಗ್ಗಿಸದ ಹೆಂಗಸು ಈಗ ಹಿಡಿದ ಕೈ ಬಿಡದೆ ಬೇಡುತ್ತ ಕೂತಿದ್ದಳು. ತಸ್ಲೀಮಾ ಆ ಸಾಲನ್ನು ತೆಗೆದಳು. ಮಾಸ್ತರರ ಫೋನು ಬಂತು, ಎತ್ತಲಿಲ್ಲ.

ಆಮೇಲೆ ನೀಲವ್ವನಿಗೆ ಸುಮ್ಮನೆ ಕೂರಲಾಗಲಿಲ್ಲ. ಎದ್ದಳು. ಉರಿಯುತ್ತಿದ್ದ ಕಟ್ಟಿಗೆಯನ್ನು ಒಲೆಯಿಂದ ಹಿರಿದು ನೀರು ಹಾಕಿದಳು.

"ಸತ್ತ ಮನ್ಯಾಗ ಒಲಿ ಹೊತ್ತಸಂಗಿಲ್ಲ. ಓಣಿ ತುದಿಗೆ ಬಂದ ಕೂಡ್ಲೆ ಅಕಿ ಮೊದಲ ಹೊಗಿ ನೋಡ್ತಾಳ," ಎಂದಳು. ಊಟಕ್ಕೆ ಬಂದ ಹುಡುಗರನ್ನು "ತಡಾ ಐತಿ, ಆಮ್ಯಾಲೆ ಬರ್ರಿ" ಎಂದು ಹೊಸ್ತಿಲಿಂದಲೇ ಕಳಿಸಿದಳು. ಹಬ್ಬವಿರಲಿ ಮಳೆಯಿರಲಿ ಆರದ ಒಲೆ ಅಂದು ನಡುಮಧ್ಯಾಹ್ನ ಆರಿತು.

ತಸ್ಲೀಮಾಳಿಗೆ ಬೇರೆಯೇ ಭಯ ಹತ್ತಿತ್ತು. ಹೆಣದ ಮುಂದೆ ಅಳಲು ಬಂದ ಮುದುಕಿಯನ್ನು ಹೆಣವೇ ಬಾಗಿಲಿಗೆ ಬಂದು ಬಾ ಎಂದರೆ ಎದೆ ಒಡೆಯುವುದಿಲ್ಲವೇ? ಒಂದು ತಪ್ಪು ಫೋಟೋದಿಂದ ಒಬ್ಬಳನ್ನು ಸುಳ್ಳೇ ಸಾಯಿಸಿದ್ದಾಯಿತು, ಇನ್ನೊಬ್ಬಳನ್ನು ಖರೆಯಾಗಿ ಸಾಯಿಸುವುದು ಬೇಡ ಎಂದುಕೊಂಡು, ನೀರು ತರುತ್ತೇನೆಂದು ನೆಪ ಹೇಳಿ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಳು. ದಾರಿಯಲ್ಲಿ ಮೆಲ್ಲಗೆ ಹೇಳಿ ಕರೆತಂದರೆ ಹೇಗೋ ಸಂಭಾಳಿಸಬಹುದು. ಇಲ್ಲಿಯತನಕ ಬಂದ ಮೇಲೆ ಹೊಳ್ಳಿ ಹೋಗಲಿಕ್ಕಿಲ್ಲ ಎಂದು ಧೈರ್ಯ ತಂದುಕೊಂಡಳು.

ಹಾನಗಲ್ಲ ಬಸ್ಸಿನಿಂದ ಇಳಿದ ರೋಶನಬಿಯನ್ನು ಗುರುತಿಸುವುದು ಕಷ್ಟವಾಗಲಿಲ್ಲ. ತೆಳ್ಳನೆಯ, ಎತ್ತರದ ಹೆಂಗಸು. ತಲೆ ತುಂಬ ಸೆರಗು. ಕಂಕುಳಲ್ಲಿ ಬಿಳಿ ಬಟ್ಟೆ ಕಟ್ಟಿದ ದೊಡ್ಡ ಬುಟ್ಟಿ. ಸಾವಿನ ಮನೆಯಲ್ಲಿ ಅಡಿಗೆಯಿರುವುದಿಲ್ಲವಲ್ಲ, ನೆರೆಹೊರೆಯವರು ಬುತ್ತಿ ಒಯ್ಯುವುದು ಇಲ್ಲಿನ ಪದ್ಧತಿ. ಇವಳು ಊರು ದಾಟಿ ತಂದಿದ್ದಳು.

"ಖಾಲಾ, ನಾನು ತಸ್ಲೀಮಾ. ಕಾಲೇಜಿನಾಕಿ. ಬುಟ್ಟಿ ಕೊಡ್ರಿ."

ರೋಶನಬಿ ಬುಟ್ಟಿ ಕೊಡಲಿಲ್ಲ. ಅವಳ ಕಣ್ಣು ಕೆಂಪಾಗಿದ್ದವು. ನಡಿಗೆ ಮಾತ್ರ ಚುರುಕಾಗಿತ್ತು.

"ಖಾಲಾ, ಒಂದು ಮಾತು ಹೇಳಬೇಕಿತ್ರಿ. ಆ ಫೋಟೋ..."

"ದಾರ್ಯಾಗ ಬ್ಯಾಡ ಬೇಟಿ. ಸುಮ್ನ ನಡಿ."

ತಸ್ಲೀಮಾ ಇನ್ನೆರಡು ಸಲ ಬಾಯಿ ತೆರೆದಳು. ಎರಡೂ ಸಲ ರೋಶನಬಿ ಕೈ ಎತ್ತಿ ತಡೆದಳು. ಓಣಿಯ ತುದಿಗೆ ಬಂದಾಗ ನೀಲವ್ವ ಹೇಳಿದಂತೆಯೇ ನಿಂತಳು, ಖಾನಾವಳಿಯ ಮಾಡಿನ ಕಡೆ ನೋಡಿದಳು. ಹೊಗೆ ಇರಲಿಲ್ಲ. ಅಷ್ಟು ಹೊತ್ತು ಗಟ್ಟಿಯಾಗಿದ್ದವಳ ಮುಖ ಒಂದು ಗಳಿಗೆ ಕಳೆಗುಂದಿತು. ಆಮೇಲೆ ಬುಟ್ಟಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಬರಬರನೆ ನಡೆದಳು. ತಸ್ಲೀಮಾ ಓಡಿದರೂ ಹಿಂದೆಯೇ ಉಳಿದಳು.

ನೀಲವ್ವ ಆರಿದ ಒಲೆಯ ಮುಂದೆ ಕೂತಿದ್ದಳು. ಹೊಸ್ತಿಲಲ್ಲಿ ನೆರಳು ಬಿದ್ದ ಕೂಡಲೇ ಎದ್ದು ನಿಂತಳು. ಏನು ಹೇಳಬೇಕೆಂದು ಮುಂಜಾನೆಯಿಂದ ಹೊಂದಿಸಿಟ್ಟಿದ್ದಳೋ ಅದೆಲ್ಲ ಮರೆತುಹೋಯಿತು.

"ಬಂದ್ಯಾ?" ಎಂದಳು.

ರೋಶನಬಿ ಹೊಸ್ತಿಲಾಚೆಯೇ ನಿಂತು ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. ಉಸಿರು ಬಿಟ್ಟಳು. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟಳು.

"ಮಣ್ಣಿಗೆ ಬಂದೇನಿ. ಹೆಣ ಎಲ್ಲೈತಿ?"

"ನಾನ ಹೆಣ."

"ಭಾಳ ಗಟ್ಟಿ ಐತಿ ಹೆಣ. ಎದ್ದು ನಿಂತೈತಿ."

ಏದುಸಿರು ಬಿಡುತ್ತ ಬಂದ ತಸ್ಲೀಮಾ ನಡುವೆ ಬಾಯಿ ಹಾಕಿದಳು. "ತಪ್ಪು ನಂದ್ರಿ ಖಾಲಾ. ಫೋಟೋ ನಾನ ಕತ್ತರಿಸಿ ಹಾಕಿದ್ದೆ. ಇವರು ಸತ್ತಿಲ್ಲ ಅಂತ ದಾರ್ಯಾಗ ಹೇಳೂಣಂದ್ರ ನೀವು..."

"ನನಗ ಗೊತ್ತೈತಿ ಬೇಟಿ. ಮುಂಜಾನೇನ ಗೊತ್ತಾಗೇತಿ. ಫೋನ್ ಕೊಡಿಲ್ಲೆ."

ತಸ್ಲೀಮಾ ಫೋಟೋ ತೆರೆದು ಕೊಟ್ಟಳು. ಹಾರ, ದೀಪ, ಕಪ್ಪು ಪಟ್ಟಿ ಯಾವುದನ್ನೂ ರೋಶನಬಿ ನೋಡಲಿಲ್ಲ. ಸುಟ್ಟು ಸುಟ್ಟು ದಡ್ಡುಗಟ್ಟಿದ ಬೆರಳನ್ನು ನೀಲವ್ವನ ಕಣ್ಣಿನ ಹತ್ತಿರ ಒಯ್ದಳು.

"ರಾತ್ರಿ ನಾನೂ ನಂಬಿದ್ದೆ. ಮುಂಜಾನೆ ದೊಡ್ಡದ ಮಾಡಿ ತೋರ್ಸು ಅಂದೆ. ಇಲ್ಲೆ ನೋಡು. ಎಡಗಣ್ಣು ಗಟ್ಟಿ ಮುಚ್ಯಾಳ, ಬಲಗಣ್ಣು ಅರ್ಧ. ಹುಬ್ಬು ಗಂಟ ಹಾಕ್ಯಾಳ. ಇದು ಸತ್ತವರ ಮಾರಿ ಅಲ್ಲ, ಹೊಗಿ ಹೊಕ್ಕಾಗಿನ ಮಾರಿ. ಅಷ್ಟು ವರ್ಷ ದಿನಾ ಎದುರಿಗೆ ಕುಂತು ನೋಡೇನಿ. ಕಟಗಿ ಹಸಿ ಇದ್ದ ದಿನ ಹಿಂಗ ಮಾಡ್ಕೊಂಡು ನನಗ ಬೈತಿದ್ಳು. ಓಣಿ ತುದಿಗೆ ಹೊಗಿ ಕಾಣಲಿಲ್ಲ, ಆವಾಗ ಒಂದೀಟು ಅಂಜೇನಿ."

ನೀಲವ್ವ ಕಟ್ಟೆಯ ಮೇಲಿನ ಬುಟ್ಟಿಯ ಕಡೆ ನೋಡಿದಳು.

"ಗೊತ್ತಿದ್ದೂ ಇಷ್ಟು ರೊಟ್ಟಿ ಹೊತಗೊಂಡು ಬಂದ್ಯಾ?"

"ನೀ ಅಂತೂ ಕರ್ಯಾಕಿ ಅಲ್ಲ. ಕರೀದ ಬರಾಕಿ ನಾ ಅಲ್ಲ. ಸತ್ತ ಮನಿಗಾದ್ರ ಕರೆ ಬೇಕಿಲ್ಲ." ರೋಶನಬಿಯ ದನಿ ಅಲ್ಲಿಯತನಕ ಗಟ್ಟಿಯಿತ್ತು, ಆಮೇಲೆ ನಡುಗಿತು. "ಖರೇ ಸತ್ತ ಮ್ಯಾಲೆ ಬಂದ್ರ ನಾ ಯಾರ ಕೂಡ ಜಗಳಾ ಮಾಡ್ಲಿ ಅಕ್ಕಾ?"

ನೀಲವ್ವ ಅತ್ತಳು. ಸೆರಗು ಬಾಯಿಗೆ ಒತ್ತಿಕೊಳ್ಳಲೂ ಮರೆತು, ಸಣ್ಣ ಹುಡುಗಿಯಂತೆ ನಿಂತೇ ಅತ್ತಳು. ಅಳುತ್ತಲೇ ಹೊಸ್ತಿಲು ದಾಟಿ ಹೊರಗೆ ಹೋದಳು. ತನ್ನ ಮನೆಯ ಬಾಗಿಲಲ್ಲಿ ತಾನೇ ಬೇರೆಯವರ ಮನೆಗೆ ಕರೆಯಲು ಬಂದವಳಂತೆ ನಿಂತು, ರೋಶನಬಿಯ ಎರಡೂ ಕೈ ಹಿಡಿದಳು.

"ಕಂಡಕ್ಟರ್ ಕೈಯಾಗ ಅಲ್ಲ. ನಾನ ಬಂದು ಕರ್ಯಾಕತ್ತೇನಿ. ಒಳಗ ಬಾ ರೋಶನಿ."

"ಈಗ ಕರದ್ಯಲ್ಲ, ಬರ್ತೇನಿ," ಎಂದಳು ರೋಶನಬಿ. ಚಪ್ಪಲಿ ಬಿಟ್ಟು ಒಳಗೆ ಬಂದಳು.

ಒಳಗೆ ಬಂದವಳು ಮೊದಲು ನೋಡಿದ್ದು ಒಲೆಯನ್ನು. "ಇಷ್ಟು ನೀರು ಹಾಕ್ತಾರೇನ ಒಲಿಗೆ? ಬೂದಿ ಎಲ್ಲಾ ರಾಡಿ ಮಾಡಿಟ್ಟೀ," ಎಂದು ಶುರುಮಾಡಿದಳು. ನೀಲವ್ವ ಮೂಗು ಒರೆಸಿಕೊಂಡು, "ನಿನ್ನ ಸಲುವಾಗಿ ಆರ್ಸೇನಿ, ಹೊತ್ಸಾಕೂ ನೀನ ಹೊತ್ಸು," ಎಂದಳು. ಒಬ್ಬಳು ಕಟ್ಟಿಗೆ ಜೋಡಿಸಿದಳು, ಒಬ್ಬಳು ಊದಿದಳು. ಹಾನಗಲ್ಲಿನ ರೊಟ್ಟಿ ಮೊದಲು ತಸ್ಲೀಮಾಳ ತಾಟಿಗೆ ಬಿತ್ತು. ತಡವಾಗಿ ಬನ್ನಿ ಅನ್ನಿಸಿಕೊಂಡ ಹುಡುಗರು ಬಂದು ಪಂಕ್ತಿಯಲ್ಲಿ ಕೂತರು. ಬುಟ್ಟಿ ಖಾಲಿಯಾಗುತ್ತಿದ್ದಂತೆ ರೋಶನಬಿ ತನ್ನ ಹಳೆಯ ಜಾಗದಲ್ಲಿ ಕೂತು, ಯಾರನ್ನೂ ಕೇಳದೆ, ಹಿಟ್ಟು ಎಳೆದುಕೊಂಡಳು.

ಮಾಸ್ತರರ ಫೋನು ಮತ್ತೆ ಬಂತು. ಈ ಸಲ ತಸ್ಲೀಮಾ ಎತ್ತಿದಳು.

"ಅಳಸಂಗಿಲ್ರಿ ಸರ. ಖುದ್ದು ನೀಲವ್ವಾರ ಬ್ಯಾಡ ಅಂದಾರ. ನಿಮ್ಮ ಓಂ ಶಾಂತಿ ಬೇಕಾದ್ರ ನೀವ ಅಳಸ್ಕೋಬಹುದು, ಅದಕ್ಕ ಅವಕಾಶ ಐತ್ರಿ."

ತಪ್ಪು ಫೋಟೋ ಅಲ್ಲೇ ಉಳಿಯಿತು. ಅದರ ಮೇಲೆ ಬೆಳಿಗ್ಗೆ ತೆಗೆದಿದ್ದ ಸಾಲನ್ನು ತಸ್ಲೀಮಾ ಮತ್ತೆ ಬರೆದಳು. ನಂಬುವುದಕ್ಕೆ ಇನ್ನೊಂದು ಫೋಟೋ ಬೇಕಲ್ಲ, ಅದನ್ನು ಕೆಳಗಿನ ಮಾತುಗಳ ಜೊತೆ ಸೇರಿಸೋಣವೆಂದು ಒಲೆಯ ಕಡೆ ಫೋನು ಹಿಡಿದಳು. ಈ ಸಲ ಯಾರನ್ನೂ ಕತ್ತರಿಸಬಾರದೆಂದು ಹಿಂದೆ ಹಿಂದೆ ಸರಿದು, ಬಾಗಿಲಿಗೆ ಬೆನ್ನು ಹತ್ತುವತನಕ ಸರಿದು ತೆಗೆದಳು. ತೆಗೆದು ನೋಡಿದರೆ, ನೆನೆದ ಒಲೆ ಹೊಗೆ ಎಬ್ಬಿಸಿತ್ತು. ಒಲೆಯ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ನಾಲ್ಕೂ ಕಣ್ಣು ಮುಚ್ಚಿದ್ದವು.

"ಇಬ್ಬರವೂ ಕಣ್ಣು ಮುಚ್ಯಾವ್ರಿ. ಇನ್ನೊಂದು ತಗೀಲೇನ್ರಿ?"

"ಇರ್ಲಿ ಬಿಡು," ಎಂದಳು ರೋಶನಬಿ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ. "ಎದುರಿಗೆ ಕುಂತವರಿಗೆ ಗೊತ್ತಾಕ್ಕೈತಿ."

ನೀಲವ್ವ ಕಣ್ಣುಜ್ಜಿಕೊಳ್ಳುತ್ತ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಪಲ್ಲೆಗೆ ಉಪ್ಪು ಕಡಿಮೆಯಾಯಿತೆಂದು ಇಬ್ಬರೂ ಜಗಳ ಶುರುಮಾಡುವ ಹೊತ್ತಿಗೆ ತಸ್ಲೀಮಾ ಆ ಫೋಟೋವನ್ನು ಹಾಕಿಬಿಟ್ಟಿದ್ದಳು.